ಹದ ನೋಡ್ಕಂಡು ಹಾಕು ಅಂದರೆ ಎಷ್ಟು?

ಪ್ರಶ್ನೆ: ನನ್ನ ತವರು ಮೂಡಿಗೆರೆ ಹತ್ತಿರದ ಹಳ್ಳಿ, ಗಂಡನ ಮನೆ ಅರಸೀಕೆರೆ ಕಡೆ. ಕೆಲಸದ ಕಾರಣ ಈಗ ಇರುವುದು ಹಾಸನದಲ್ಲಿ. ಮಳೆ ಹಿಡಿದರೆ ನನಗೆ ಅಮ್ಮನ ಕಡುಬು ಬೇಕು, ಮನೆಯವರಿಗೆ ಅವರಮ್ಮನ ಬಸ್ಸಾರು ಬೇಕು. ಎರಡೂ ನನ್ನ ಕೈಯಲ್ಲಿ ಸರಿ ಬರುತ್ತಿಲ್ಲ. ಅಮ್ಮನನ್ನು ಕೇಳಿದರೆ "ಹದ ನೋಡ್ಕಂಡು ಹಾಕು" ಅಂತಾರೆ. ಯೂಟ್ಯೂಬ್ ನೋಡಿ, ಅಂಗಡಿಯ ಇಡ್ಲಿ ರವೆ ತಂದು, ಲೋಟದ ಅಳತೆ ತಪ್ಪದೆ ಮಾಡಿದರೂ ಕಡುಬು ಒಂದು ಸಲ ಒಡೆದು ತರಿತರಿಯಾಗುತ್ತದೆ, ಇನ್ನೊಂದು ಸಲ ಆರಿದ ಮೇಲೆ ಕಲ್ಲಾಗುತ್ತದೆ. ಬಸ್ಸಾರು ಮಾಡಿದರೆ ಬೇಳೆಸಾರಿನ ಹಾಗಿರುತ್ತದೆ. ಇದರ ಮೇಲೆ ಮನೆಯವರಿಗೆ ಈಚೆಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ. ಅಕ್ಕಿ ಬದಲು ಸಿರಿಧಾನ್ಯ ಹಾಕಬಹುದೇ, ಕಾಯಿ ಕಡಿಮೆ ಮಾಡಬಹುದೇ? ಕಳಲೆಯನ್ನು ಮೂರು ದಿನ ನೆನೆಸುವ ಬದಲು ಕುಕ್ಕರಿನಲ್ಲಿ ಕೂಗಿಸಿದರೆ ಸಾಕು ಎಂದು ಒಬ್ಬರು ಹೇಳಿದರು, ನಿಜವೇ? ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ಅದೇ ಅಡುಗೆಯಾಗಿ ಉಳಿಯುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಉತ್ತರ ಆಗಲೇ ಇದೆ, ಎರಡೇ ಪದದಲ್ಲಿ: ಇಡ್ಲಿ ರವೆ. ಅಂಗಡಿಯಲ್ಲಿ ಸಿಗುವ ಇಡ್ಲಿ ರವೆಯನ್ನು ಸಾಮಾನ್ಯವಾಗಿ ಕುಸುಬಲಕ್ಕಿಯಿಂದ ಮಾಡುತ್ತಾರೆ, ಅಂದರೆ ಭತ್ತವನ್ನು ಒಮ್ಮೆ ಬೇಯಿಸಿ ಒಣಗಿಸಿ ಮಾಡಿದ ಅಕ್ಕಿಯಿಂದ. ನಿಮ್ಮ ಅಮ್ಮ ಕಡುಬಿಗೆ ಹಾಕುವುದು ಬೆಳ್ತಿಗೆ ಅಕ್ಕಿಯ, ಅಂದರೆ ಭತ್ತ ಬೇಯಿಸದೆ ಮಾಡಿದ ಅಕ್ಕಿಯ ತರಿ. ಎರಡೂ ಕಣ್ಣಿಗೆ ಒಂದೇ ಥರ, ಕೈಗೆ ಒಂದೇ ಥರ. ನೀರು ಕುಡಿಯುವ ರೀತಿ ಮಾತ್ರ ಬೇರೆ. ವಿಡಿಯೋದವರು ಯಾವ ತರಿಗೆ ಅಳತೆ ಹೇಳಿದರೋ, ನೀವು ಯಾವುದಕ್ಕೆ ಹಾಕಿದಿರೋ. ತಪ್ಪು ನಿಮ್ಮ ಕೈಯದಲ್ಲ.

ಕಡುಬಿನಿಂದಲೇ ಶುರು ಮಾಡೋಣ. ಅದೊಂದು ಸರಿಯಾದರೆ ಉಳಿದದ್ದು ಅರ್ಧ ತಾನಾಗಿ ಸರಿಹೋಗುತ್ತದೆ.

ಗೋಧಿಹಿಟ್ಟಿಗೆ ನೀರು ಹಾಕಿ ನಾದಿದರೆ ಅಂಟು ಬರುತ್ತದೆ, ಅದರಲ್ಲಿ ಗ್ಲುಟೆನ್ ಇದೆ. ಅಕ್ಕಿಯಲ್ಲಿ ಅದಿಲ್ಲ. ಅಕ್ಕಿ ಉಂಡೆಯಾಗಿ ನಿಲ್ಲುವುದು ಅದರ ಪಿಷ್ಟ ಬಿಸಿನೀರು ಕುಡಿದು ಉಬ್ಬಿ ಅಂಟಾದಾಗ ಮಾತ್ರ. ಅದಕ್ಕೆ 70 ಡಿಗ್ರಿ ಆಸುಪಾಸಿನ ಬಿಸಿ ಬೇಕು, ಸಾಕಷ್ಟು ನೀರು ಬೇಕು, ಸ್ವಲ್ಪ ಹೊತ್ತು ಬೇಕು. ಅಕ್ಕಿ ರೊಟ್ಟಿಗೆ ಕುದಿಯುವ ನೀರೇ ಹಾಕಬೇಕು ಅನ್ನುವುದೂ, ಕಡುಬಿನ ತರಿಯನ್ನು ಮೊದಲು ಒಲೆಯ ಮೇಲೆ ಬೇಯಿಸಿ ಆಮೇಲೆ ಹಬೆಗಿಡುವುದೂ ಇದೇ ಕಾರಣಕ್ಕೆ. ನಿಮ್ಮ ಕಡುಬು ಒಡೆದ ದಿನ ತರಿ ಅರ್ಧಂಬರ್ಧ ನೀರು ಕುಡಿದಿತ್ತು. ಕಲ್ಲಾದ ದಿನದ ಕತೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ತರಿ ಮನೆಯಲ್ಲೇ ಮಾಡಿಕೊಳ್ಳಿ, ಕಷ್ಟವೇನಿಲ್ಲ. ಅರ್ಧ ಕೆಜಿ ದಪ್ಪ ಬೆಳ್ತಿಗೆ ಅಕ್ಕಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕೈಗೆ ಅಂಟದಷ್ಟು ಆರಬೇಕು. ಮಿಕ್ಸಿಯಲ್ಲಿ ಒಂದೇ ಸಮನೆ ಓಡಿಸಬೇಡಿ, ತಡೆತಡೆದು ತಿರುವಿ. ಉಪ್ಪಿಟ್ಟಿನ ರವೆಯಷ್ಟು ದಪ್ಪ ಬಂದರೆ ಸಾಕು. ಜರಡಿ ಹಿಡಿದರೆ ಕೆಳಗೆ ಹಿಟ್ಟು ಬೀಳುತ್ತದಲ್ಲ, ಅದನ್ನು ರೊಟ್ಟಿಗೆ ಎತ್ತಿಡಿ. ಈ ಹಿಟ್ಟು ತರಿಯಲ್ಲೇ ಉಳಿದರೆ ಕಡುಬು ಮೇಣದ ಹಾಗೆ ಹಲ್ಲಿಗೆ ಅಂಟುತ್ತದೆ. ಅಮ್ಮಂದಿರು ಜರಡಿ ಹಿಡಿಯುವುದನ್ನು ಹೇಳುವುದೇ ಇಲ್ಲ. ಮರೆತು ಅಲ್ಲ, ಅದೂ ಒಂದು ಹೇಳುವ ವಿಷಯವೇ ಅನ್ನುವುದು ಅವರ ಲೆಕ್ಕ.

ಕಾಲು ಕೆಜಿ ತರಿಗೆ ಸುಮಾರು 600 ಮಿಲಿಲೀಟರ್ ನೀರು, ಲೋಟದ ಲೆಕ್ಕದಲ್ಲಿ ಒಂದಕ್ಕೆ ಹತ್ತಿರಹತ್ತಿರ ಎರಡು. ಇದು ಹಳೆ ಅಕ್ಕಿಯ ಅಳತೆ. ಸುಗ್ಗಿ ಮುಗಿದು ಬಂದ ಹೊಸ ಅಕ್ಕಿಯಾದರೆ ನೂರು ಮಿಲಿಲೀಟರ್ ತೆಗೆದುಬಿಡಿ. ನಾನು ಇದನ್ನು ಕಲಿತದ್ದು ಅವಮಾನಪಟ್ಟು. ಚಿಕ್ಕಮಗಳೂರಿನಲ್ಲಿ ಅಡುಗೆ ಹೇಳಿಕೊಡಲು ಶುರು ಮಾಡಿದ ಮೊದಲ ವರ್ಷ, ಜನವರಿ ತಿಂಗಳು, ಹನ್ನೆರಡು ಜನ ನೋಡುತ್ತ ನಿಂತಿದ್ದಾರೆ. ಆ ವಾರವಷ್ಟೇ ಗದ್ದೆಯಿಂದ ಬಂದ ಅಕ್ಕಿಯ ತರಿ ಹಿಡಿದು, ಬಾಯಿಪಾಠದ ಅಳತೆಯಲ್ಲಿ ನೀರು ಸುರಿದೆ. ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಇಳಿಯುತ್ತಿದೆ. ಕೊನೆಗೆ ಅದಕ್ಕೆ ಮಜ್ಜಿಗೆ ಬೆರೆಸಿ, ಉಪ್ಪಿನಕಾಯಿ ಇಟ್ಟು, ಎಲ್ಲರಿಗೂ ಗಂಜಿ ಎಂದು ಬಡಿಸಿದೆ. ಹೊಸ ಅಕ್ಕಿ ಕಡಿಮೆ ನೀರು ಹಿಡಿಯುತ್ತದೆ, ಬೇಗ ಮುದ್ದೆಯಾಗುತ್ತದೆ. ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಕುಡಿದೂ ಬಿಡಿಬಿಡಿಯಾಗಿರುತ್ತದೆ. ಇದು ಪ್ರತಿ ರೈತರ ಮನೆಯಲ್ಲೂ ಗೊತ್ತಿರುವ ಸಂಗತಿ. ಪಾಕವಿಧಾನ ಬರೆಯುವವರಿಗೆ ಮಾತ್ರ ಅದು ನೆನಪಾಗುವುದಿಲ್ಲ.

ನೀರಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ತಳ ದಪ್ಪಗಿರುವ ಪಾತ್ರೆಯಲ್ಲಿ ಕುದಿಸಿ. ಪಕ್ಕದ ಒಲೆಯಲ್ಲಿ ಇನ್ನೂ ಅರ್ಧ ಲೋಟ ನೀರು ಬಿಸಿಯಾಗಿಯೇ ಇರಲಿ. ಕುದಿ ಬಂದಾಗ ಒಂದು ಕೈಯಲ್ಲಿ ತರಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವುತ್ತ ಹೋಗಿ, ಗಂಟಾಗಬಾರದು. ನೀರು ಇಂಗಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಮುಚ್ಚಿ, ಐದಾರು ನಿಮಿಷ ಬಿಡಿ. ಆಮೇಲೆ ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಮುಚ್ಚಳ ತೆಗೆಯದೆ ಇಡಿ. ಈಗ ಅಮ್ಮ ಹೇಳುವ ಹದ ನೋಡುವ ಹೊತ್ತು. ಒಂದು ಕಾಳು ತರಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ. ಪಟ್ಟನೆ ಎರಡು ತುಂಡಾಗಿ ಒಳಗೆ ಸುಣ್ಣದಂಥ ಬಿಳಿ ಚುಕ್ಕೆ ಕಂಡರೆ ಬೆಂದಿಲ್ಲ. ಪಕ್ಕದ ಬಿಸಿನೀರನ್ನು ಚಿಮುಕಿಸಿ ಮತ್ತೆ ಮುಚ್ಚಿ. ನುಣ್ಣಗೆ ಸವರಿಕೊಂಡು ಹೋದರೆ ಅತಿಯಾಯಿತು. ಒತ್ತಿದಾಗ ಚಪ್ಪಟೆಯಾಗಬೇಕು, ನಡುವೆ ಸಣ್ಣಗೆ ಕಚ್ಚಿಕೊಳ್ಳುವ ಗುಣ ಉಳಿದಿರಬೇಕು. ಉಳಿದದ್ದನ್ನು ಹಬೆ ನೋಡಿಕೊಳ್ಳುತ್ತದೆ.

ಬಿಸಿ ಇರುವಾಗಲೇ, ಕೈ ತಡೆಯುವಷ್ಟು ಆರುತ್ತಿದ್ದಂತೆ, ಒದ್ದೆ ಕೈಯಲ್ಲಿ ಚೆನ್ನಾಗಿ ನಾದಿ ಉಂಡೆ ಕಟ್ಟಿ. ಅಂಗೈಯಲ್ಲಿ ಉರುಳಿಸುವಾಗ ಗೆರೆಗೆರೆಯಾಗಿ ಬಿರುಕು ಬಿಟ್ಟರೆ ನೀರು ಸಾಲದು, ಕೈ ಇನ್ನೊಮ್ಮೆ ಒದ್ದೆ ಮಾಡಿಕೊಂಡು ನಾದಿ. ಕೈ ಒದ್ದೆಯಿದ್ದೂ ಅಂಟುತ್ತಿದ್ದರೆ ನೀರು ಹೆಚ್ಚಾಗಿದೆ, ತಟ್ಟೆಯಲ್ಲಿ ಹರಡಿ ಐದು ನಿಮಿಷ ಆರಲು ಬಿಡಿ. ದೊಡ್ಡ ನಿಂಬೆಹಣ್ಣಿನ ಗಾತ್ರದ ಉಂಡೆಗೆ ಇಡ್ಲಿ ಪಾತ್ರೆಯಲ್ಲಿ 15ರಿಂದ 20 ನಿಮಿಷ ಹಬೆ ಸಾಕು. ಮುಚ್ಚಳಕ್ಕೆ ಒಂದು ಬಟ್ಟೆ ಕಟ್ಟಿ. ಇಲ್ಲದಿದ್ದರೆ ಹಬೆಯ ಹನಿ ಬಿದ್ದು ಮೇಲ್ಭಾಗ ಲೋಳೆಯಾಗುತ್ತದೆ.

ಕಲ್ಲಾಗುವ ವಿಷಯ. ಬೆಂದ ಪಿಷ್ಟ ಆರುತ್ತ ಆರುತ್ತ ಮತ್ತೆ ಬಿಗಿದುಕೊಳ್ಳುತ್ತದೆ, ಅದು ಅದರ ಸ್ವಭಾವ. ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ ಬಿಗಿಯುತ್ತದೆ. ಉದುರು ಅನ್ನಕ್ಕೆ ಹೇಳಿ ಮಾಡಿಸಿದ ಅಕ್ಕಿಗಳಲ್ಲಿ ಇದು ಹೆಚ್ಚು. ಹಾಗಾಗಿ ಕಡುಬಿಗೆ ನಯವಾದ ಸಣ್ಣಕ್ಕಿ ಬೇಡ, ಅನ್ನ ಮಾಡಿದರೆ ಒಂದಕ್ಕೊಂದು ಅಂಟಿಕೊಳ್ಳುವ ದಪ್ಪಕ್ಕಿ ಒಳ್ಳೆಯದು. ಬೆಂದ ಕಡುಬನ್ನು ಒದ್ದೆ ಬಟ್ಟೆ ಮುಚ್ಚಿದ ಡಬ್ಬಿಯಲ್ಲಿಡಿ. ಮಿಕ್ಕದ್ದನ್ನು ರಾತ್ರಿ ಫ್ರಿಜ್ಜಿಗೆ ಹಾಕಿದರೆ ಗಟ್ಟಿಯಾಗುವುದು ಖಂಡಿತ, ಆದರೆ ಬೆಳಿಗ್ಗೆ ಎಂಟು ನಿಮಿಷ ಹಬೆ ಕೊಟ್ಟರೆ ಮತ್ತೆ ಮೆದುವಾಗುತ್ತದೆ. ಇಲ್ಲವೇ ಬಿಲ್ಲೆ ಬಿಲ್ಲೆ ಕೊಯ್ದು ಸಾಸಿವೆ, ಕರಿಬೇವು, ಒಣಮೆಣಸಿನ ಒಗ್ಗರಣೆಯಲ್ಲಿ ಅಂಚು ಕೆಂಪಗಾಗುವವರೆಗೆ ಹುರಿಯಿರಿ. ನನ್ನ ಮಟ್ಟಿಗೆ ಮೊದಲ ದಿನದ ಕೋಳಿಸಾರು ಕಡುಬಿಗಿಂತ ಮರುದಿನದ ಈ ಒಗ್ಗರಣೆ ಕಡುಬೇ ಒಂದು ಕೈ ಮೇಲು. ಇದನ್ನು ಮೂಡಿಗೆರೆಯವರ ಎದುರು ಹೇಳುವ ಧೈರ್ಯ ಮಾತ್ರ ಇಲ್ಲ.

ಈಗ ಬಸ್ಸಾರು. ಇಲ್ಲಿ ಕೆಡಿಸುತ್ತಿರುವುದು ನಿಮ್ಮ ಕುಕ್ಕರ್.

ಹೆಸರಲ್ಲೇ ಇದೆ ನೋಡಿ, ಬಸಿದ ಸಾರು. ಬೇಳೆಯೂ ಸೊಪ್ಪೂ ತಮ್ಮ ರಸವನ್ನು ನೀರಿಗೆ ಬಿಟ್ಟುಕೊಟ್ಟು ತಾವು ಇಡಿಯಾಗಿ ಉಳಿಯಬೇಕು. ಆ ರಸ, ಅಂದರೆ ಕಟ್ಟು, ಸಾರಾಗುತ್ತದೆ. ಉಳಿದದ್ದು ಪಲ್ಯವಾಗುತ್ತದೆ. ಕುಕ್ಕರಿನೊಳಗೆ ಶಾಖ 120 ಡಿಗ್ರಿ ಹತ್ತಿರ ಹೋಗುತ್ತದೆ, ಮೂರು ಕೂಗಿಗೆ ತೊಗರಿಬೇಳೆ ಕರಗಿ ನೀರಲ್ಲಿ ಒಂದಾಗುತ್ತದೆ. ಬಸಿಯಲು ಉಳಿಯುವುದೇನು? ಆಮೇಲೆ ನೀವು ಎಷ್ಟೇ ಮಸಾಲೆ ರುಬ್ಬಿ ಹಾಕಿದರೂ ಅದು ಸೊಪ್ಪು ಹಾಕಿದ ಬೇಳೆಸಾರು. ಮನೆಯವರು ಮುಖ ಕಿವುಚುವುದರಲ್ಲಿ ನ್ಯಾಯವಿದೆ.

ತೆರೆದ ಪಾತ್ರೆಯಲ್ಲಿ ಒಂದು ಲೋಟ ಬೇಳೆಗೆ ಏಳೆಂಟು ಲೋಟ ನೀರಿಡಿ. ಬೇಳೆ ಮುಕ್ಕಾಲು ಬೆಂದಾಗ, ಬೆರಳಲ್ಲಿ ಒತ್ತಿದರೆ ಒಡೆಯುತ್ತದೆ ಆದರೆ ನೀರಲ್ಲಿ ಇಡಿಯಾಗಿದೆ ಅನ್ನುವಾಗ, ಹೆಚ್ಚಿದ ಸೊಪ್ಪು ಹಾಕಿ. ದಂಟು, ಸಬ್ಬಸಿಗೆ, ಕಿರಕಸಾಲೆ, ಸಿಕ್ಕಿದರೆ ಹೊಲದ ಬದುವಿನ ಬೆರಕೆ ಸೊಪ್ಪು. ಸೊಪ್ಪು ಬಾಡಿ ಬೆಂದ ಕೂಡಲೇ ಬಸಿದುಬಿಡಿ. ಉಪ್ಪು ಹಾಕಿ, ಹುಳಿ ಮಾತ್ರ ಈಗ ಬೇಡ. ಹುಣಸೆಯ ಹುಳಿ ಬಿದ್ದ ನೀರಿನಲ್ಲಿ ಬೇಳೆಕಾಳು ಬೇಗ ಮೆತ್ತಗಾಗುವುದಿಲ್ಲ. ಗಡಸು ನೀರೂ ಅದೇ ಕೆಲಸ ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಲು ಹಟ ಮಾಡುತ್ತಿದ್ದರೆ ಕುಡಿಯುವ ನೀರಿನಲ್ಲಿ ಒಮ್ಮೆ ಬೇಯಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಅಂದಹಾಗೆ, ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1,000 ಮೀಟರ್ ಎತ್ತರದಲ್ಲಿವೆ. ಸುಮಾರು 300 ಮೀಟರ್ ಏರಿದರೆ ನೀರು ಒಂದು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ನಮ್ಮ ಊರುಗಳಲ್ಲಿ ಅದು 97ರ ಹತ್ತಿರ. ಮಂಗಳೂರಿನವರು ತೆರೆದ ಪಾತ್ರೆಯಲ್ಲಿ ಕಾಳು 40 ನಿಮಿಷಕ್ಕೆ ಬೇಯುತ್ತದೆ ಎಂದರೆ ನಮಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವರ ದೋಸೆಹಿಟ್ಟು ರಾತ್ರಿ ಕಳೆಯುವುದರೊಳಗೆ ಉಕ್ಕುತ್ತದೆ, ಡಿಸೆಂಬರಿನಲ್ಲಿ ನಮ್ಮದು ಮಾರನೆಯ ಮಧ್ಯಾಹ್ನದವರೆಗೂ ಹಾಗೇ ಕೂತಿರುತ್ತದೆ. ಅದು ಚಳಿಯ ಕತೆ, ಎತ್ತರದ್ದಲ್ಲ. ಅಳತೆಯನ್ನು ಬೇರೆ ಊರಿಂದ ತಂದುಕೊಳ್ಳಬಹುದು, ಗಡಿಯಾರವನ್ನು ತರಲಾಗುವುದಿಲ್ಲ.

ಮಸಾಲೆಗೆ ಬರೋಣ. ನಿಮ್ಮ ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುತ್ತಾರೋ, ಸುಡುತ್ತಾರೋ? ಕೇಳಿ ನೋಡಿ. ಸೌದೆ ಒಲೆಯಿದ್ದ ಮನೆಗಳಲ್ಲಿ ಇಡೀ ಈರುಳ್ಳಿ, ಇಡೀ ಬೆಳ್ಳುಳ್ಳಿ ಗೆಡ್ಡೆಯನ್ನು ಕೆಂಡಕ್ಕೆ ತಳ್ಳಿ, ಸಿಪ್ಪೆ ಕರಿಯಾದ ಮೇಲೆ ಈಚೆಗೆಳೆದು, ಬೂದಿ ಕೊಡವಿ, ಒಳಗಿನ ಮೆತ್ತನೆಯ ತಿರುಳನ್ನಷ್ಟೇ ರುಬ್ಬುತ್ತಿದ್ದರು. ನಿಮ್ಮ ಬಸ್ಸಾರಿನಲ್ಲಿ ಏನೋ ಇಲ್ಲ ಅನ್ನಿಸುತ್ತಿದ್ದರೆ ಅದು ಬಹುಮಟ್ಟಿಗೆ ಈ ಹೊಗೆಯ ವಾಸನೆ. ಗ್ಯಾಸ್ ಒಲೆಯ ಮೇಲೂ ಆಗುತ್ತದೆ. ಬದನೆಕಾಯಿ ಸುಡುವ ಜಾಲರಿಯ ಮೇಲಿಟ್ಟು ಇಕ್ಕಳದಲ್ಲಿ ತಿರುವುತ್ತ ಹತ್ತು ನಿಮಿಷ ಸುಡಿ. ಸುಟ್ಟ ಒಂದು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಹುರಿದ ಐದಾರು ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕಿದ್ದರೆ ಎರಡು ಗುಂಟೂರು, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಸ್ವಲ್ಪ ಕಾಯಿ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು. ಇದರ ಜೊತೆಗೆ ಬಸಿದ ಬೇಳೆ ಸೊಪ್ಪಿನಿಂದ ಒಂದು ಹಿಡಿ ತೆಗೆದು ನುಣ್ಣಗೆ ರುಬ್ಬಿ. ಆ ಹಿಡಿ ಬೇಳೆ ಸೊಪ್ಪೇ ಕಟ್ಟಿಗೆ ಮೈ ಕೊಡುವುದು. ಕಟ್ಟಿಗೆ ಬೆರೆಸಿ, ಹಸಿ ವಾಸನೆ ಹೋಗುವಷ್ಟು ಕುದಿಸಿ. ಮರುದಿನಕ್ಕೆ ಉಳಿದರೆ ಇನ್ನೂ ಚೆನ್ನ, ಅದನ್ನು ನಾನು ಅರಸೀಕೆರೆ ಸೊಸೆಗೆ ಹೇಳಬೇಕಿಲ್ಲ.

ಬದಲಾಯಿಸುವ ಪ್ರಶ್ನೆಗೆ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಸಾಮಾನು ಅಡುಗೆಗೆ ಬಂದದ್ದು ಹಿತ್ತಲಲ್ಲಿ ಇತ್ತು ಅಂತಲೋ, ಅಥವಾ ಅದಿಲ್ಲದೆ ಈ ಅಡುಗೆ ನಿಲ್ಲುವುದಿಲ್ಲ ಅಂತಲೋ? ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟ, ಹಾಗಾಗಿ ಅತ್ತೆ ಬಸ್ಸಾರಿಗೆ ಅರ್ಧ ಹೋಳು ಕಾಯಿ ಹಾಕುತ್ತಾರೆ. ಮೂಡಿಗೆರೆಯಲ್ಲಿ ಕಾಫಿ ತೋಟದ ಮರಮರಕ್ಕೂ ಮೆಣಸಿನ ಬಳ್ಳಿ, ಹಾಗಾಗಿ ಅಮ್ಮನ ಸಾರೆಲ್ಲ ಕಾಳುಮೆಣಸು. ಇವು ಹಿತ್ತಲಿನಿಂದ ಬಂದವು. ಬಸ್ಸಾರಿಗೆ ಕಾಯಿಯನ್ನು ಎರಡು ಚಮಚಕ್ಕೆ ಇಳಿಸಿ ರುಬ್ಬುವ ಬೇಳೆಯನ್ನು ಒಂದು ಹಿಡಿಯ ಬದಲು ಒಂದೂವರೆ ಹಿಡಿ ಮಾಡಿದರೆ ಅತ್ತೆಯವರಿಗೂ ತಕ್ಷಣಕ್ಕೆ ಗೊತ್ತಾಗಲಿಕ್ಕಿಲ್ಲ. ಆದರೆ ಬಸಿಯುವುದನ್ನು ಬಿಟ್ಟರೆ ಬಸ್ಸಾರೇ ಇಲ್ಲ. ಕಾಯಿಹಾಲಿನ ಪಾಯಸದಲ್ಲಿ ಅದೇ ಕಾಯಿ ಕಡಿಮೆ ಮಾಡಿ ನೋಡಿ, ನೀರಾಗುತ್ತದೆ, ಅಲ್ಲಿ ಕಾಯಿಯೇ ಕಂಬ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಒಂದಿಲ್ಲವೆಂದು ಇನ್ನೊಂದನ್ನು ಅದೇ ಎಣಿಕೆಯಲ್ಲಿ ಹಾಕಿದರೆ ಮಕ್ಕಳು ನೀರು ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ.

ಪರೀಕ್ಷೆಯಲ್ಲಿ ಜಾರುವ ಜಾಗವೂ ಒಂದಿದೆ. ರುಚಿಗಾಗಿ ಇದೆ ಎಂದು ನಾವು ಅಂದುಕೊಂಡದ್ದು ಕೆಲವೊಮ್ಮೆ ಜೀವ ಕಾಯಲು ಇರುತ್ತದೆ. ಕಳಲೆ ಅಂಥದ್ದು. ಎಳೆ ಬಿದಿರಿನಲ್ಲಿರುವ ಒಂದು ಅಂಶ ಕೊಯ್ದಾಗ ಒಡೆದು ಸಯನೈಡ್ ಬಿಡುತ್ತದೆ. ತೆಳ್ಳಗೆ ಹೆಚ್ಚಿ ನೀರಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ತುಂಬಿಸಿದಾಗ ಅದು ನೀರಿನ ಜೊತೆ ಹೋಗುತ್ತದೆ. ಉಳಿದದ್ದು ಕುದಿಸುವಾಗ ಹೋಗಬೇಕು. ಹೈಡ್ರೋಜನ್ ಸಯನೈಡ್ 26 ಡಿಗ್ರಿಗೇ ಆವಿಯಾಗುವ ವಸ್ತು, ಪಾತ್ರೆಯ ಬಾಯಿ ತೆರೆದಿದ್ದರೆ ಹಾರಿಹೋಗುತ್ತದೆ. ಕುಕ್ಕರ್ ಮುಚ್ಚಿ, ಅದೇ ನೀರಿನಲ್ಲಿ ಬೇಯಿಸಿ, ಅದೇ ನೀರಿಗೆ ಒಗ್ಗರಣೆ ಕೊಟ್ಟರೆ ಅದನ್ನು ಒಳಗೇ ಇಟ್ಟುಕೊಂಡ ಹಾಗೆ. ನಿಮಗೆ ಹಾಗೆ ಹೇಳಿದವರ ಮಾತು ಕೇಳಬೇಡಿ. ಮೂರು ದಿನ ನೆನೆಸಿ, ನೀರು ಬದಲಿಸಿ, ಕೊನೆಗೆ ಬಾಯಿ ತೆರೆದ ಪಾತ್ರೆಯಲ್ಲಿ ಕುದಿಸಿ, ಆ ನೀರನ್ನೂ ಚೆಲ್ಲಿ, ಆಮೇಲೆ ಪಲ್ಯವೋ ಸಾರೋ ಮಾಡಿ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆಹಣ್ಣು ಜಾಸ್ತಿ ಹಾಕುವುದೂ ಬರೀ ಹುಳಿಗಲ್ಲ. ಆ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಗಂಟಲು ಕೆರೆಯುವುದು ಅವುಗಳಿಂದ. ಹುಳಿ, ಚೆನ್ನಾಗಿ ಬೇಯಿಸುವುದು, ಎರಡೂ ಬೇಕು. ಅಸಿಡಿಟಿ ಎಂದು ಹುಳಿ ತೆಗೆಯುವವರು ಪತ್ರೊಡೆಯನ್ನೇ ಬಿಡುವುದು ವಾಸಿ.

ಸಕ್ಕರೆ ಕಾಯಿಲೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಸಿರಿಧಾನ್ಯವೂ ಧಾನ್ಯವೇ, ಅದರಲ್ಲೂ ಪಿಷ್ಟವೇ ಹೆಚ್ಚು. ರಾಗಿ ಒಳ್ಳೆಯದು, ನೂರು ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಾರಿದೆ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ಕಟ್ಟಿದ ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲ ಎಂಬುದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು. ಬಸ್ಸಾರಿನ ಊಟದಲ್ಲೇ ಉಪಾಯವಿದೆ. ಒಂದು ಸಣ್ಣ ಮುದ್ದೆ, ತಟ್ಟೆಯ ಅರ್ಧ ಭಾಗ ಆ ಬೇಳೆ ಸೊಪ್ಪಿನ ಪಲ್ಯ. ಮೊದಲೆಲ್ಲ ಪಲ್ಯ ನೆಂಚಿಕೊಳ್ಳಲಿಕ್ಕಿತ್ತು, ಈಗ ಮುದ್ದೆಯನ್ನು ನೆಂಚಿಕೊಳ್ಳಲಿ. ತೊಗರಿಬೇಳೆಯ ಬದಲು ಅಲಸಂದೆಯೋ ಹುರುಳಿಯೋ ಇಡೀ ಕಾಳು ಹಾಕಿದರೆ ಇನ್ನೂ ಒಳ್ಳೆಯದು, ಬಸಿಯಲೂ ಸಲೀಸು. ಕಡುಬಿನ ದಿನ ಐದರ ಬದಲು ಎರಡು, ಜೊತೆಗೆ ಕೋಳಿಸಾರಿನ ತುಂಡೋ ಕಾಳಿನ ಸಾರೋ ಧಾರಾಳವಾಗಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟವಾಗಿ ಎರಡು ಗಂಟೆಗೆ ನೋಡಿ ಬರೆದಿಡಿ. ಯಾವ ಊಟ ಅವರಿಗೆ ಒಗ್ಗುತ್ತದೆ ಎಂದು ಯಾರ ವಿಡಿಯೋಗಿಂತಲೂ ಆ ಪುಟ ಚೆನ್ನಾಗಿ ಹೇಳುತ್ತದೆ. ಮಾತ್ರೆಯೋ ಇನ್ಸುಲಿನ್ನೋ ನಡೆಯುತ್ತಿದ್ದರೆ ಊಟ ದಿಢೀರನೆ ಇಳಿಸುವ ಮೊದಲು ಡಾಕ್ಟರಿಗೆ ಹೇಳಿ, ಸಕ್ಕರೆ ತೀರಾ ಇಳಿಯುವುದೂ ಅಪಾಯವೇ.

ನವಣೆ ತರಿಯಲ್ಲಿ ಕಡುಬು ಆಗುತ್ತದೆ. ಮೊದಲ ಸಲ ಅರ್ಧ ಅಕ್ಕಿ ತರಿ, ಅರ್ಧ ನವಣೆ ತರಿ ಹಾಕಿ. ನವಣೆಯನ್ನು ಹಸಿವಾಸನೆ ಹೋಗುವಷ್ಟು ಬೆಚ್ಚಗೆ ಹುರಿದುಕೊಳ್ಳಿ. ಪೂರ್ತಿ ನವಣೆಯಾದರೆ ಉಂಡೆ ಅಕ್ಕಿಯಷ್ಟು ಗಟ್ಟಿ ಹಿಡಿಯುವುದಿಲ್ಲ, ಗಾತ್ರ ಸಣ್ಣದಿರಲಿ. ಇನ್ನೊಂದು ಮಾತು, ಇದನ್ನು ತಟ್ಟೆಗೆ ಹಾಕುವಾಗ "ಕಡುಬು" ಅನ್ನಬೇಡಿ, "ನವಣೆ ಕಡುಬು" ಅನ್ನಿ. ಬರೀ ಕಡುಬು ಅಂದರೆ ನಾಲಿಗೆ ಅಮ್ಮನದನ್ನು ಕಾಯುತ್ತ ಕೂತಿರುತ್ತದೆ, ಬಂದದ್ದು ಎಷ್ಟೇ ಚೆನ್ನಾಗಿದ್ದರೂ ಮೋಸವಾದಂತೆ ಆಗುತ್ತದೆ. ಬೇರೆ ಹೆಸರಿಟ್ಟರೆ ಹೊಸ ತಿಂಡಿ ಎಂದು ತಿನ್ನುತ್ತಾರೆ. ಇದು ಅಡುಗೆಮನೆಯ ರಾಜಕೀಯ ಅನ್ನಿ ಬೇಕಿದ್ದರೆ.

ಅದೇ ಅಡುಗೆಯಾಗಿ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಅಮ್ಮನ ಅಡುಗೆಯೂ ಅವರ ಅಜ್ಜಿಯದೇ ಆಗಿರಲಿಲ್ಲ. ಒಣಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಮೂರೂ ಅಮೆರಿಕ ಖಂಡದಿಂದ ಬಂದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು 16ನೇ ಶತಮಾನದ ಹೊತ್ತಿಗೆ. ಅದಕ್ಕೂ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕಾಳುಮೆಣಸು. ಈಗ ಹಾಸನದ ಆಲೂಗಡ್ಡೆ ಇಲ್ಲದ ಮಳೆಗಾಲದ ಸಾರನ್ನು ನಿಮ್ಮ ಮನೆಯವರು ಒಪ್ಪುತ್ತಾರೆಯೇ? ರುಬ್ಬುಗುಂಡು ಹೋಗಿ ಮಿಕ್ಸಿ, ಸೌದೆ ಹೋಗಿ ಗ್ಯಾಸ್, ಇವೆಲ್ಲ ಬಂದಾಗ ನಿಮ್ಮ ಅಮ್ಮನೂ ಅತ್ತೆಯೂ ಯಾರನ್ನೂ ಕೇಳದೆ ಹದ ತಿದ್ದಿಕೊಂಡರು. ನೀವೂ ತಿದ್ದಿಕೊಳ್ಳಿ. ಆದರೆ ಒಂದು ಸಲಕ್ಕೆ ಒಂದೇ. ಅಕ್ಕಿಯನ್ನೂ ಬದಲಿಸಿ, ನೀರನ್ನೂ ಬದಲಿಸಿ, ಪಾತ್ರೆಯನ್ನೂ ಬದಲಿಸಿದರೆ ಕೆಟ್ಟದ್ದಕ್ಕೆ ಕಾರಣ ಸಿಗುವುದಿಲ್ಲ, ಚೆನ್ನಾಗಿ ಬಂದದ್ದಕ್ಕೂ ಸಿಗುವುದಿಲ್ಲ.

ಅಮ್ಮನ ಅಳತೆ ಹಿಡಿಯುವ ಉಪಾಯ ಹೇಳಿ ಮುಗಿಸುತ್ತೇನೆ. ಮುಂದಿನ ಸಲ ತವರಿಗೆ ಹೋದಾಗ ಒಂದು ಅಡುಗೆಮನೆ ತಕ್ಕಡಿ ಜೊತೆಗೆ ಒಯ್ಯಿರಿ. ಅವರು ತರಿಯ ಡಬ್ಬಿಗೆ ಕೈ ಹಾಕುವ ಮೊದಲು ಡಬ್ಬಿ ತೂಗಿ, ಹಾಕಿಯಾದ ಮೇಲೆ ಮತ್ತೆ ತೂಗಿ. ನಡುವೆ ಬಾಯಿ ಹಾಕಬೇಡಿ. "ಎಷ್ಟು ಹಾಕ್ದೆ?" ಅಂದರೆ ಅವರಿಗೆ ಗೊತ್ತಿಲ್ಲ. "ಎಲ್ಲಿಗೆ ಸಾಕು ಅನ್ಸುತ್ತೆ?" ಅಂದರೆ ಗೊತ್ತಿದೆ. ನನ್ನ ಬಳಿ ಕಲಿಯಲು ಬಂದ ಒಬ್ಬಾಕೆ ಹೀಗೇ ಕೇಳಿದಾಗ ಆಕೆಯ ತಾಯಿ, "ಮರದ ಕೈ ನಿಲ್ಸಿದ್ರೆ ನಿತ್ಕಬೇಕು ಕಣೆ, ಬೀಳ್‌ಬಾರ್ದು" ಅಂದರಂತೆ. ಬೇಯುತ್ತಿರುವ ತರಿಯ ನಡುವೆ ಮರದ ಕೈಯನ್ನು, ಅಂದರೆ ತಿರುವುವ ಮರದ ಸೌಟನ್ನು, ನೇರ ನಿಲ್ಲಿಸಿ ಬಿಟ್ಟರೆ ವಾಲದೆ ನಿಲ್ಲಬೇಕು, ಆಗ ಮುಚ್ಚಳ ಮುಚ್ಚುವ ಹೊತ್ತು. ಮೂವತ್ತು ವರ್ಷ ಆ ಮನೆಯಲ್ಲಿ ಉಂಡ ಮಗಳಿಗೆ ಅದು ಅವತ್ತು ಮೊದಲ ಸಲ ಗೊತ್ತಾಯಿತು. ಅಮ್ಮ "ಒಂದು ಪಾವು" ಅಂದರೆ ಆ ಪಾವನ್ನೇ ಕೇಳಿ ತೆಗೆದುಕೊಂಡು, ನೀರು ತುಂಬಿ, ಮಿಲಿಲೀಟರ್ ನೋಡಿ. ಮನೆಮನೆಯ ಪಾವು ಬೇರೆಬೇರೆ, ಕೆಲವು ಸೊಟ್ಟಗಾಗಿ ತಮ್ಮದೇ ಲೆಕ್ಕ ಮಾಡಿಕೊಂಡಿರುತ್ತವೆ.

ಈ ಭಾನುವಾರ ಕಡುಬು ಒಂದನ್ನೇ ಮಾಡಿ, ಬಸ್ಸಾರು ಮುಂದಿನ ವಾರಕ್ಕಿರಲಿ. ಉಂಡೆ ಮತ್ತೆ ಬಿರುಕು ಬಿಟ್ಟರೆ ನನಗೆ ಬರೆಯಿರಿ, ಅಕ್ಕಿ ಹಳೆಯದೋ ಹೊಸದೋ, ತರಿ ಜರಡಿ ಹಿಡಿದಿರೋ ಇಲ್ಲವೋ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ.